ಯಾರು ಮೊದಲು ಹೋಗಬೇಕು

ಹೂಂಕಾರಜ್ಜ ಒಬ್ಬರ ಮಾತಿಗೆ ಕಿವಿಗೊಡುವ ದೇವರಲ್ಲ. ಇಬ್ಬರು ಜೋಡಿಯಾಗಿ ನಡೆದು ಹೋಗಬೇಕು, ಗುಡ್ಡದ ನೆತ್ತಿಯ ಬಂಡೆಯ ಮುಂದೆ ನಿಂತು ಇಬ್ಬರೂ ಒಂದೇ ಮಾತನ್ನು ಒಂದೇ ಉಸಿರಿನಲ್ಲಿ ಹೇಳಬೇಕು. ಮಾತು ಕೂಡಿದರೆ ಬಂಡೆಯೊಳಗಿಂದ ‘ಹೂಂ’ ಎಂದು ಕೇಳುತ್ತದೆ, ಕೇಳಿಕೊಂಡದ್ದು ಆಗುತ್ತದೆ. ಕೂಡದಿದ್ದರೆ ಗಾಳಿ ಬೀಸುತ್ತದೆ, ಅಷ್ಟೆ. ಒಂದು ಜೋಡಿಗೆ ಜನ್ಮಕ್ಕೆ ಒಂದೇ ಹೂಂ. ಇದನ್ನು ಕೇಳಿದ ಪರ ಊರಿನವರು, ‘ಹಾಗಾದರೆ ನಿಮ್ಮ ಊರು ಎಷ್ಟು ಸುಖವಾಗಿರಬೇಕು!’ ಎನ್ನುತ್ತಾರೆ. ಪಾಪ, ಇವರಿಗೆ ಮದುವೆಯಾಗಿಲ್ಲ, ಇಲ್ಲವೇ ಅಣ್ಣತಮ್ಮಂದಿರಿಲ್ಲ ಎಂದು ನಾವು ತಿಳಿದುಕೊಳ್ಳುತ್ತೇವೆ.

ನಮ್ಮ ಓಣಿಯ ಹಾಲಪ್ಪ, ಕರಿಯಪ್ಪ ಎಂಬ ಅಣ್ಣತಮ್ಮಂದಿರನ್ನೇ ನೋಡಿ. ಅಪ್ಪನ ಮನೆ ಸರಿಯಾಗಿ ಹಿಸೆ ಆಗಲಿ ಎಂದು ಕೇಳಿಕೊಳ್ಳಲು ಹೊರಟರು. ದಾರಿಯುದ್ದಕ್ಕೂ ಪಡಸಾಲೆ ಯಾರಿಗೆ, ಅಡಿಗೆಮನೆ ಯಾರಿಗೆ ಎಂದು ಕಚ್ಚಾಡಿದರು. ಗುಡ್ಡ ಹತ್ತಿದ ಮೇಲೂ ಅವರ ಮಾತು ಕೂಡಿದ್ದು ಒಂದರಲ್ಲಿ ಮಾತ್ರ: ತಂಗಿಯ ಪಾಲು ತಂಗಿಗೆ ಸಿಗದಿರಲಿ. ಅಜ್ಜ ಹೂಂ ಎಂದ. ಇಳಿದು ಬಂದು ನೋಡುತ್ತಾರೆ, ಅಪ್ಪ ಮಗಳಿಗೆಂದು ಇಟ್ಟಿದ್ದ ನಡುಮನೆ ಗೋಡೆ ಸಮೇತ ಮಾಯವಾಗಿದೆ! ಮುಂದೆ ಪಡಸಾಲೆ, ಹಿಂದೆ ಅಡಿಗೆಮನೆ, ನಡುವೆ ಬರೀ ಆಕಾಶ. ಮಳೆಗಾಲದಲ್ಲಿ ರೊಟ್ಟಿ ಬುಟ್ಟಿಗೆ ಕೊಡೆ ಹಿಡಿದುಕೊಂಡು ಆ ಕಡೆಯಿಂದ ಈ ಕಡೆಗೆ ಓಡಾಡುತ್ತಾರೆ. ಯಾರಾದರೂ ಅಯ್ಯೋ ಎಂದರೆ, ‘ತಂಗಿಗಂತೂ ಸಿಗಲಿಲ್ಲಲ್ಲ ಬಿಡ್ರಿ’ ಎಂದು ಸಮಾಧಾನ ಹೇಳುತ್ತಾರೆ.

ಪುರಸಭೆಯದು ಇನ್ನೊಂದು ಕಥೆ. ಹೊಸ ಅಧ್ಯಕ್ಷ ಬಂದಾಗಲೆಲ್ಲ ಅವನೂ ವಿರೋಧ ಪಕ್ಷದ ಮುಖಂಡನೂ ಜೋಡಿಯಾಗಿ ನಡೆದು ಹೋಗಿ ಊರಿಗೆ ಏನಾದರೂ ಕೇಳಿಕೊಂಡು ಬರುವುದು ಪದ್ಧತಿ. ಒಬ್ಬ ನಳ ಎಂದರೆ ಇನ್ನೊಬ್ಬ ರಸ್ತೆ ಎನ್ನುತ್ತಾನೆ. ನಳ ಬಂದರೆ ಅವನಿಗೆ ಹೆಸರು, ರಸ್ತೆ ಬಂದರೆ ಇವನಿಗೆ. ಕೊನೆಗೆ ಇಬ್ಬರೂ ಒಪ್ಪಿ, ‘ಕಲ್ಲಿನ ಮೇಲೆ ನಮ್ಮ ಹೆಸರು ದೊಡ್ಡದಾಗಿ ಕಾಣಲಿ’ ಎಂದು ಒಂದೇ ಉಸಿರಿಗೆ ಹೇಳಿ ಬರುತ್ತಾರೆ. ಹಾಗಾಗಿ ನಮ್ಮ ಊರಿನಲ್ಲಿ ನಳವಿಲ್ಲ, ರಸ್ತೆಯಿಲ್ಲ. ಉದ್ಘಾಟನೆಯ ಕಲ್ಲುಗಳು ಮಾತ್ರ ಪ್ರತಿ ಮಳೆಗೂ ಬೆಳೆಯುತ್ತವೆ. ಶಾಲೆಯ ಮುಂದಿನ ಕಲ್ಲು ಬೆಳೆದು ಬಾಗಿಲನ್ನೇ ಮುಚ್ಚಿದ್ದರಿಂದ ಹುಡುಗರು ಈಗ ಕಿಟಕಿಯಿಂದ ಒಳಗೆ ಹೋಗುತ್ತಾರೆ. ಇದರಿಂದ ಮಕ್ಕಳಿಗೆ ವ್ಯಾಯಾಮವಾಗುತ್ತದೆ ಎಂದು ಹೆಡ್ ಮಾಸ್ತರರು ಭಾಷಣದಲ್ಲಿ ಹೇಳಿದರು.

ಇಂಥ ಊರಿನಲ್ಲಿ ನಾನು ಬಳೆಗಾರ. ಹೆಸರು ಮಾನಪ್ಪ. ಹೆಂಡತಿ ಕಾಶವ್ವ. ಮಕ್ಕಳಿಲ್ಲ, ನನಗೆ ಅವಳು, ಅವಳಿಗೆ ನಾನು. ಬಳೆಯ ಗೊಂಚಲುಗಳ ಮಲಾರ ಹೊತ್ತು ನಾನು ಮುಂದೆ, ಚೀಲ ಹಿಡಿದು ಅವಳು ಹಿಂದೆ, ಹೀಗೇ ಓಣಿ ಓಣಿ ತಿರುಗಿ ಕೂದಲು ಬೆಳ್ಳಗೆ ಮಾಡಿಕೊಂಡವರು. ನಾವು ಅಜ್ಜನ ಗುಡ್ಡಕ್ಕೆ ಹೋಗಿರಲಿಲ್ಲ. ಬೇಕಾದ್ದನ್ನು ಕೇಳಲು ಅವಳ ಬಾಯೊಂದೇ ಸಾಕು, ಜೋಡಿ ಏಕೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವಳೂ ಸುಮ್ಮನಿದ್ದಳು, ರಾಚವ್ವ ಸಾಯುವ ತನಕ.

ರಾಚವ್ವ ಕಾಶವ್ವನ ಗೆಳತಿ. ಗಂಡ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿರುವಾಗಲೇ ಹೋದಳು. ಮುತ್ತೈದೆ ಸಾವು! ಹಸಿರು ಸೀರೆ, ಹಣೆ ತುಂಬ ಕುಂಕುಮ, ಮೊಣಕೈ ತನಕ ನಾನೇ ಇಡಿಸಿದ ಹಸಿರು ಬಳೆ. ಬದುಕಿದ್ದಾಗ ಅವಳಿಗೆ ಒಂದು ಲೋಟ ನೀರು ಕೊಡದ ಸೊಸೆಯಂದಿರು ಉಡಿ ತುಂಬಿದರು, ಊರ ಹೆಂಗಸರೆಲ್ಲ ಸಾಲುಗಟ್ಟಿ ಕಾಲಿಗೆ ಬಿದ್ದರು. ಕಾಶವ್ವ ಅಲ್ಲಿಂದ ಬಂದಾಗ ಅವಳ ಕಣ್ಣಿನಲ್ಲಿ ದುಃಖ ಇತ್ತೋ ಇಲ್ಲವೋ ಕಾಣೆ, ಹೊಟ್ಟೆಕಿಚ್ಚು ಮಾತ್ರ ಚೆನ್ನಾಗಿ ಕಾಣುತ್ತಿತ್ತು.

‘ಎಂಥಾ ಸಾವು ಅಂತೀರಿ! ನೋಡಿ ಕಣ್ಣು ತಂಪಾತು ನೋಡ್ರಿ’ ಎಂದಳು.

‘ಹೆಣಾ ನೋಡಿ ಕಣ್ಣು ತಂಪಾತೇನ?’ ಎಂದೆ.

‘ನಾನೂ ಹಂಗ ಹೋಗಬೇಕ್ರಿ. ನಿಮ್ಮ ಮುಂದ, ಕೈ ತುಂಬ ಬಳಿ ಇಟಗೊಂಡು ಹೋಗಬೇಕು. ಅಜ್ಜನ ಹಂತ್ಯಾಕ ಹೋಗಿ ಇಬ್ಬರೂ ಕೂಡಿ ಕೇಳೂಣು, ನಡೀರಿ.’

ನಾನು ನಕ್ಕೆ. ಅವಳು ನಗಲಿಲ್ಲ. ಬಳೆಗಾರನ ಹೆಂಡತಿಗೆ ಗಂಡನ ಹಿಂದೆ ಉಳಿಯುವ ಭಯ ಎಲ್ಲಿಂದ ಬಂದಿತ್ತೆಂದು ನನಗೆ ಗೊತ್ತು. ‘ಬಳಿ ಬೇಕೇನವ್ವ ಬಳಿ’ ಎಂದು ನಾನು ಕೂಗಿದಾಗ ಓಣಿಯ ಹೆಂಗಸರೆಲ್ಲ ಕೈ ಚಾಚಿಕೊಂಡು ಬರುತ್ತಾರೆ, ಒಬ್ಬಿಬ್ಬರು ಮಾತ್ರ ಬಾಗಿಲ ಹಿಂದೆ ಸರಿದು ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ. ನಾನು ಬಳೆಯನ್ನು ನೋಡುತ್ತೇನೆ, ಕಾಶವ್ವ ಆ ಬಾಗಿಲನ್ನು ನೋಡುತ್ತಾಳೆ. ಅವಳು ಹಟ ಹಿಡಿದಳು, ಒಲೆ ಹಚ್ಚಲಿಲ್ಲ. ನನ್ನ ಸಿದ್ಧಾಂತಗಳೆಲ್ಲ ಹೊಟ್ಟೆ ತುಂಬಿದಾಗ ಮಾತ್ರ ಗಟ್ಟಿ. ಗಂಟುಮೂಟೆ ಕಟ್ಟಿದೆವು.

ಹೊರಡುವ ಮೊದಲು ಮಾತು ಕೂಡಿಸುವ ಮಲಕಾಜಪ್ಪ ಮೇಷ್ಟ್ರ ಹತ್ತಿರ ಹೋಗುವುದು ರೂಢಿ. ಜೋಡಿಗಳನ್ನು ಎದುರುಬದುರು ಕೂರಿಸಿ, ತಾಳ ಕುಟ್ಟಿ, ಒಂದೇ ಉಸಿರಿಗೆ ಒಂದೇ ಮಾತು ಹೇಳಿಸುವುದು ಅವರ ಉದ್ಯೋಗ. ಅವರೂ ಅವರ ಹೆಂಡತಿಯೂ ಇನ್ನೂ ಗುಡ್ಡಕ್ಕೆ ಹೋಗಿಲ್ಲ, ಯಾವ ಮಾತು ಎಂಬುದು ಇನ್ನೂ ತೀರ್ಮಾನವಾಗಿಲ್ಲವಂತೆ. ನಮ್ಮ ವಿಷಯ ಕೇಳಿ ಅವರು ತಲೆಯಾಡಿಸಿದರು.

‘ದೊಡ್ಡದು ಕೇಳಬ್ಯಾಡ್ರಿ ಮಾನಪ್ಪ. ದೊಡ್ಡದಕ್ಕ ಇಬ್ಬರ ಮನಸು ಕೂಡಂಗಿಲ್ಲ. ಉಪ್ಪಿನಕಾಯಿಗೆ ಬೂಸು ಹಿಡಿಯದಿರಲಿ ಅಂತ ಕೇಳ್ರಿ. ಊರಾಗ ಅರ್ಧ ಮಂದಿ ಅದನ್ನ ಕೇಳ್ಯಾರ.’

ಅದು ನಿಜ. ನಮ್ಮ ಊರಿನ ಉಪ್ಪಿನಕಾಯಿ ಎಂದೂ ಕೆಡುವುದಿಲ್ಲ. ನಾನು ಕೂಡಲೇ ಆಗಲಿ ಎಂದೆ. ಕಾಶವ್ವ ನನ್ನನ್ನು ಸುಡುವ ಹಾಗೆ ನೋಡಿದಳು.

‘ಹಂಗಾದ್ರ ಇಬ್ಬರೂ ಕೂಡೇ ಹೋಗಲಿ ಅಂತ ಕೇಳಿದ್ರ?’ ಎಂದೆ ಮೇಷ್ಟ್ರಿಗೆ.

ಮೇಷ್ಟ್ರು ತಾಳ ಕೆಳಗಿಟ್ಟರು. ‘ಗಾಣಿಗರ ಜೋಡಿ ಅದನ್ನ ಕೇಳಿತ್ತಲ್ಲ, ಮರತ್ರೇನು? ಗುಡ್ಡಾ ಇಳಿಯೂದರಾಗ ಗೂಳಿ ಹಾಯ್ದು ಇಬ್ಬರೂ ಕೂಡೇ ಹೋದ್ರು. ಅಜ್ಜ ಬಾಕಿ ಇಟಗೊಳ್ಳೂ ದೇವರಲ್ಲಪ್ಪ.’

ಆ ಮಾತು ಕೇಳಿದ್ದೇ ತಡ, ನಾನು ಲೆಕ್ಕ ಹಾಕತೊಡಗಿದೆ. ಕೆಲವರಿಗೆ ಅಜ್ಜ ವರ್ಷಗಟ್ಟಲೆ ತಡ ಮಾಡಿದ್ದೂ ಉಂಟು. ಆದರೆ ‘ಕಾಶವ್ವ ಮೊದಲು ಹೋಗಲಿ’ ಎಂದು ನಾನು ಬಾಯಿಬಿಟ್ಟ ಗಳಿಗೆಯಲ್ಲೇ ಅವಳು ಬಂಡೆಯ ಮುಂದೆ ಕುಸಿದರೆ? ದಾರಿಯಲ್ಲಿ ಹೇಗಾದರೂ ಮಾಡಿ ಅವಳ ಮನಸ್ಸು ತಿರುಗಿಸಬೇಕು, ಆಗದಿದ್ದರೆ ಬಂಡೆಯ ಮುಂದೆ ಬಾಯಿ ಹೊಲಿದುಕೊಂಡು ನಿಲ್ಲಬೇಕು ಎಂದು ನಿಶ್ಚಯಿಸಿಕೊಂಡೇ ಹೆಜ್ಜೆ ಇಟ್ಟೆ.

ಅಜ್ಜನ ದಾರಿ ಬಹಳ ದೂರದ್ದು. ಬಯಲು, ಹಳ್ಳ, ಜಾಲಿಗಿಡಗಳ ನಡುವೆ ಸುತ್ತಿ ಸುತ್ತಿ ಹೋಗುತ್ತದೆ. ದಾರಿಯುದ್ದಕ್ಕೂ ಜೋಡಿಗಳು. ಮಾತು ಕೂಡಿದವರು ಮಗ್ಗಿ ಒಪ್ಪಿಸುವ ಹಾಗೆ ಅದನ್ನೇ ಗಟ್ಟಿಯಾಗಿ ಹೇಳುತ್ತ ನಡೆಯುತ್ತಾರೆ, ಕೂಡದವರು ಬಯ್ದಾಡುತ್ತ ನಡೆಯುತ್ತಾರೆ. ನಮ್ಮ ಮುಂದೆ ಒಂದು ಅತ್ತೆ ಸೊಸೆಯ ಜೋಡಿ ಇತ್ತು. ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ ಬಿಟ್ಟು, ಮುಖ ತಿರುವಿಕೊಂಡು ನಡೆಯುತ್ತಿದ್ದರು. ಒಂದು ಕಟ್ಟೆಯ ಮೇಲೆ ಕುಳಿತಾಗ ಮಾತ್ರ ಇಬ್ಬರೂ ಸೇರಿ ಮನೆಯಲ್ಲಿದ್ದ ಆ ಗಂಡಸನ್ನು, ಅಂದರೆ ಒಬ್ಬಳ ಮಗ ಇನ್ನೊಬ್ಬಳ ಗಂಡ, ಅವನನ್ನು ಬಯ್ಯತೊಡಗಿದರು. ಬಯ್ಗುಳ ಎಷ್ಟು ಚೆನ್ನಾಗಿ ಕೂಡುತ್ತಿತ್ತೆಂದರೆ ಅಲ್ಲಿದ್ದವರೆಲ್ಲ ಆ ಮನುಷ್ಯನಿಗಾಗಿ ಕೈ ಮುಗಿದೆವು.

ನಮ್ಮ ಜಗಳ ಬೇರೆ ತರಹದ್ದು. ಯಾರು ಮೊದಲು ಹೋಗಬೇಕು ಎಂಬುದು ಬಸ್ಸಿನ ಬಾಗಿಲಲ್ಲಿ ನಡೆಯುವ ಜಗಳದ ಹಾಗೆ ನಡೆಯಿತು.

‘ನೀ ಹೋದ ಮ್ಯಾಲೆ ನಾ ಏನ್ ಮಾಡಬೇಕು? ನನಗ ಉಪ್ಪಿನ ಡಬ್ಬಿ ಎಲ್ಲೈತಿ ಅನ್ನೂದೂ ಗೊತ್ತಿಲ್ಲ’ ಎಂದೆ.

‘ನಿಮ್ಮ ಉಪ್ಪಿನ ಡಬ್ಬಿ ಸಲುವಾಗಿ ನಾ ಬರೀ ಹಣಿ, ಬರೀ ಕೈ ಇಟಗೊಂಡು ಬಾಗಿಲ ಹಿಂದ ನಿಂದ್ರಬೇಕೇನ್ರಿ?’

‘ಹಂಗಲ್ಲ. ರೊಟ್ಟಿ ಯಾರು ಬಡೀತಾರ?’

‘ನೀವs ಬಡೀರಿ. ಇಲ್ಲೇ ಕಲಸ್ತೀನಿ.’

ಅಂದಿನಿಂದ ಪಾಠ ಶುರುವಾಯಿತು. ಎಲ್ಲಿ ತಂಗಿದರೂ ಅವಳು ಮರಕ್ಕೆ ಒರಗಿ ಕಾಲು ಚಾಚಿ ಕುಳಿತುಬಿಡುವಳು. ನಾನು ಮೂರು ಕಲ್ಲು ಹೂಡಿ, ಕಡ್ಡಿ ಆರಿಸಿ, ಊದಿ ಊದಿ ಬೆಂಕಿ ಮಾಡಿ, ಜೋಳದ ಹಿಟ್ಟು ನಾದಬೇಕು. ಹೋಗುವ ಬರುವ ಗಂಡಸರು ನಿಂತು ನೋಡಿ, ಇದೇನು ಹರಕೆ ಎಂದು ಕೇಳುತ್ತಿದ್ದರು. ಹೆಂಗಸರು ಏನೂ ಕೇಳದೆ ತಮ್ಮ ಗಂಡಂದಿರನ್ನು ಕರೆತಂದು ತೋರಿಸುತ್ತಿದ್ದರು. ನಾನು ಗುಟ್ಟಾಗಿ ಒಂದು ಉಪಾಯ ಮಾಡಿದೆ. ರೊಟ್ಟಿ ಬರಲೇಬಾರದು. ಇವನಿಗೆ ಒಂದು ರೊಟ್ಟಿ ಬಡಿಯಲು ಬರುವುದಿಲ್ಲ, ಇವನನ್ನು ಬಿಟ್ಟು ಹೇಗೆ ಹೋಗಲಿ ಎಂದು ಅವಳಿಗೆ ಅನ್ನಿಸಬೇಕು. ಹಿಟ್ಟಿಗೆ ಬೇಕೆಂದೇ ತಣ್ಣೀರು ಹಾಕಿದೆ, ಅಂಚು ಒಡೆಸಿದೆ, ಹಂಚಿನ ಮೇಲೆ ಕರಕಲು ಮಾಡಿದೆ. ಕಾಶವ್ವ ಆ ಕರಕಲನ್ನು ಕೆರೆದು ಕೆರೆದು ತಿಂದಳು. ‘ನಾಳೆ ಬರತೈತಿ’ ಎಂದಳು. ಇಬ್ಬರ ಹೊಟ್ಟೆಯೂ ಕೆಟ್ಟಿತು. ಆದರೂ ಹೆಂಡತಿಯನ್ನು ಉಳಿಸಿಕೊಳ್ಳಲು ರೊಟ್ಟಿ ಸುಡುವ ಮೊದಲ ಗಂಡ ನಾನೇ ಇರಬೇಕೆಂದು ಒಳಗೊಳಗೇ ಹೆಮ್ಮೆಪಟ್ಟೆ.

ಅರ್ಧ ದಾರಿಯ ಮೇಲೆ ಒಂದು ದೊಡ್ಡ ಹಳ್ಳಿ. ಅಲ್ಲಿ ಯಾತ್ರೆಯವರಿಗೆಲ್ಲ ಅಂಬಲಿ ಕೊಡುತ್ತಾರೆ, ಹೆಂಗಸರಿಗೆ ಅರಿಸಿನ ಕುಂಕುಮ ಹಚ್ಚುತ್ತಾರೆ. ಹಳ್ಳಿಯವರು ಬಹಳ ಧರ್ಮಿಷ್ಠರು, ತಾವು ಎಷ್ಟು ಧರ್ಮಿಷ್ಠರೆಂದು ಅವರೇ ಮೈಕಿನಲ್ಲಿ ಹೇಳುತ್ತಿದ್ದರು. ಸಾಲಿನಲ್ಲಿ ಕಾಶವ್ವನ ಮುಂದೆ ಒಬ್ಬ ಹೆಂಗಸು ನಿಂತಿದ್ದಳು, ಅಕ್ಕನ ಜೊತೆ ಬಂದವಳು, ಅಕ್ಕನಷ್ಟೇ ದೂರ ನಡೆದು ಬಂದವಳು. ಕುಂಕುಮದ ಬಟ್ಟಲು ಹಿಡಿದ ಮುದುಕಿ ಅವಳ ಬರಿಗೈ ನೋಡಿ, ‘ಸ್ವಲ್ಪ ಬಾಜೂಕ ಸರಿಯವಾ, ಮುತ್ತೈದೇರು ಬರಲಿ’ ಎಂದಳು. ಗದರಿಸಿ ಅಲ್ಲ, ಬಹಳ ಮೃದುವಾಗಿ, ಮಗುವಿಗೆ ಹೇಳುವ ಹಾಗೆ. ಆ ಹೆಂಗಸು ಅಭ್ಯಾಸವಾದವರ ಹಾಗೆ ನಕ್ಕು ಬದಿಗೆ ಸರಿದಳು. ನಾನು ಕಾಶವ್ವನ ಕೈ ಹಿಡಿದುಕೊಂಡಿದ್ದೆ. ಕೈ ಹಿಡಿಯುವುದು ನನ್ನ ಕಸುಬು, ಊರಿನ ಎಷ್ಟು ಕೈಗಳನ್ನು ಹಿಡಿದಿಲ್ಲ ನಾನು! ಬಳೆ ಏರುವಾಗ ನೋವಿಗೆ ನಡುಗುವ ಕೈ ನನಗೆ ಗೊತ್ತು. ಈ ನಡುಕ ಬೇರೆಯದು. ಬಳೆಗಳೆಲ್ಲ ಗಲಗಲ ಸದ್ದು ಮಾಡುವಷ್ಟು ಅವಳ ಕೈ ನಡುಗಿತು.

ನನಗೆ ನಾಚಿಕೆಯಾಯಿತು. ಅವಳು ಹೆದರುತ್ತಿದ್ದದ್ದು ಸಾವಿಗಲ್ಲ, ಆ ಮೃದು ಮಾತಿಗೆ. ನಾನು ಹೋದ ಮರುದಿನವೇ ನಾನೇ ಇಡಿಸಿದ ಬಳೆಗಳನ್ನು ಕಲ್ಲಿನ ಮೇಲೆ ಒಡೆದು, ಇವಳನ್ನು ಬಾಗಿಲ ಹಿಂದೆ ನಿಲ್ಲಿಸುವ ಊರು ನಮ್ಮದು. ಅಜ್ಜನ ಹತ್ತಿರ ಏನೇನೋ ಕೇಳುವ ಈ ಊರಿನಲ್ಲಿ ಈ ಪದ್ಧತಿ ಹೋಗಲಿ ಎಂದು ಕೇಳಲು ಯಾವ ಎರಡು ಬಾಯಿಯೂ ಕೂಡಿರಲಿಲ್ಲ. ಅದನ್ನೇ ಕೇಳೋಣವೇ ಎಂದು ಕಾಶವ್ವನಿಗೆ ಹೇಳಿದೆ. ‘ಊರ ಉಸಾಬರಿ ನಮಗ್ಯಾಕ್ರೀ? ನಾಳೆ ಬಾವಿಗೆ ನೀರಿಗೆ ಹೋದ್ರ ಮಂದಿ ಏನಂತಾರ?’ ಎಂದಳು. ಇಷ್ಟು ನಡುಗಿದವಳ ಬಾಯಲ್ಲೂ ಆ ಮಾತು ಬರಲಿಲ್ಲ ನೋಡಿ. ಅದು ನನ್ನ ಸಿಟ್ಟು, ಇಂದಿಗೂ ಇದೆ.

ಅಂದು ಸಂಜೆ ನಾನು ಏನೂ ಮಾತಾಡದೆ ಹಿಟ್ಟು ನಾದಿದೆ. ಬಿಸಿನೀರನ್ನೇ ಹಾಕಿದೆ. ಬಳೆ ಒಡೆಯದ ಹಾಗೆ ಕೈ ಹಿಡಿದು ಅಭ್ಯಾಸವಾದ ಬೆರಳುಗಳು, ಹಿಟ್ಟು ಅವುಗಳ ಮಾತು ಕೇಳಿತು. ರೊಟ್ಟಿ ದುಂಡಗೆ ಹರಡಿತು, ಹಂಚಿನ ಮೇಲೆ ಪುಗ್ಗೆಯ ಹಾಗೆ ಉಬ್ಬಿತು. ಅವಳ ಕೈಗಿಟ್ಟೆ. ಕಾಶವ್ವ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದಳು, ಒಂದು ತುಣುಕು ಮುರಿದು ಬಾಯಿಗಿಟ್ಟಳು. ಹೊಗಳುತ್ತಾಳೆ ಎಂದು ಕಾದೆ. ಅವಳು ಉಣ್ಣುವುದು ಮುಗಿಸಿ ಕೈ ತೊಳೆದುಕೊಂಡು ಆ ಕಡೆ ತಿರುಗಿ ಮಲಗಿದಳು.

‘ನೀ ಅಂದಂಗ ಆಗಲಿ. ನಾ ಅಂತೀನಿ’ ಎಂದೆ ಅವಳ ಬೆನ್ನಿಗೆ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಮುಂದಿನ ದಾರಿಯಲ್ಲಿ ಜಗಳವೇ ಇಲ್ಲ. ಜಗಳವಿಲ್ಲದ ದಾರಿ ಎಷ್ಟು ಉದ್ದ ಎಂದು ನನಗೆ ಆಗ ತಿಳಿಯಿತು. ಹೆಜ್ಜೆ ನಿಧಾನ ಮಾಡಲು ನಾನು ಕಾಲಿಗೆ ಮುಳ್ಳು ಚುಚ್ಚಿತೆಂದು ಸುಳ್ಳು ಹೇಳಿ ಕೂರುತ್ತಿದ್ದೆ. ಅವಳು ಇಲ್ಲದ ಮುಳ್ಳನ್ನು ಬಹಳ ಹೊತ್ತು ಹುಡುಕುತ್ತಿದ್ದಳು.

ಗುಡ್ಡದ ಬುಡದಲ್ಲಿ ಸ್ವಯಂಸೇವಕರು ಎಲ್ಲರ ಬಾಯಿಗೂ ಬಟ್ಟೆ ಕಟ್ಟುತ್ತಾರೆ. ಬಂಡೆಯ ಎದುರಿಗೆ ಜೋಡಿಯ ಬಾಯಿಂದ ಮೊದಲು ಕೂಡಿ ಬಂದ ಮಾತು ಯಾವುದೋ ಅದನ್ನೇ ಅಜ್ಜ ಹಿಡಿಯುತ್ತಾನೆ, ಆಮೇಲೆ ಎಷ್ಟು ಅತ್ತರೂ ಪ್ರಯೋಜನವಿಲ್ಲ. ಬಾಯಿ ಕಟ್ಟಿಕೊಂಡು ಹತ್ತಿದೆವು. ಮೆಟ್ಟಿಲುಗಳು ಸವೆದು ಜಾರುತ್ತಿದ್ದವು. ನನ್ನ ಮೊಣಕಾಲು, ಅವಳ ಸೊಂಟ, ಎರಡೂ ಹೆಜ್ಜೆ ಹೆಜ್ಜೆಗೂ ದೂರು ಹೇಳಿದವು. ಮೇಲೆ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಕೈಯಲ್ಲಿ ಕೋಲು ಹಿಡಿದ ಒಬ್ಬ ಸ್ವಯಂಸೇವಕ ನಮ್ಮನ್ನು ಬಂಡೆಯ ಮುಂದೆ ತಳ್ಳಿ, ಬಟ್ಟೆ ಬಿಚ್ಚಿಸಿ, ‘ಲಗೂ ಅನ್ರಿ, ಹಿಂದ ಮಂದಿ ನಿಂತೈತಿ’ ಎಂದ. ದೇವರ ಮುಂದೆ ಎಲ್ಲಕ್ಕಿಂತ ಅವಸರ ಇವರಿಗೇ.

ಕಾಶವ್ವ ಸೆರಗು ಹೊದ್ದುಕೊಂಡಳು. ಮೇಷ್ಟ್ರು ಕಲಿಸಿದ ಹಾಗೆ ಉಸಿರು ಎಳೆದುಕೊಂಡೆವು. ಅವಳು ‘ಅನ್ರಿ’ ಎಂಬಂತೆ ತಲೆಯಾಡಿಸಿದಳು. ನಾನು ಕಣ್ಣು ಮುಚ್ಚಿ ಹೇಳಿಯೇಬಿಟ್ಟೆ.

‘ಕಾಶವ್ವ ಮೊದಲು ಹೋಗಲಿ.’

ಗಾಳಿ ಬೀಸಿತು. ಕಣ್ಣು ತೆರೆಯಲು ಧೈರ್ಯ ಸಾಲಲಿಲ್ಲ. ಬಳೆಯ ಸದ್ದು ಕೇಳಿದ ಮೇಲೆ ತೆರೆದೆ. ಕಾಶವ್ವ ನೆಟ್ಟಗೆ ನಿಂತಿದ್ದಳು, ತುಟಿ ಬಿಗಿಹಿಡಿದು. ಆ ಮಾತನ್ನು ಹೇಳಿದ್ದು ನಾನೊಬ್ಬನೇ.

‘ಯಾಕ ಅನ್ನಲಿಲ್ಲ?’ ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿತು.

‘ನೀವು ಅಂತೀರೋ ಇಲ್ಲೋ ನೋಡಿದೆ.’

‘ಅಂದೆನಲ್ಲ!’

‘ಅಂದ್ರಿ. ಅಳಕೋಂತ ಅಂದ್ರಿ’ ಎಂದಳು. ಸೆರಗಿನಿಂದ ನನ್ನ ಮುಖ ಒರೆಸಿದಳು. ‘ರೊಟ್ಟಿ ಬಡಿಯೂದು ಕಲಿಸಿದೆ, ಕಲತ್ರಿ. ಒಬ್ಬರs ಕುಂತು ಉಣ್ಣೂದು ಕಲಿಸಲಿಲ್ಲಲ್ರೀ. ಅದು ನನಗs ಬರಂಗಿಲ್ಲ, ನಿಮಗೆಲ್ಲಿಂದ ಕಲಿಸಲಿ?’

ಹಿಂದೆ ಸಾಲಿನಲ್ಲಿದ್ದವರು ಕೂಗಾಡತೊಡಗಿದರು. ‘ಮನ್ಯಾಗ ತೀರ್ಮಾನ ಮಾಡಿಕೊಂಡು ಬರಬಾರದೇನ್ರಿ?’ ಎಂದು ಒಬ್ಬ, ‘ಉಪ್ಪಿನಕಾಯಿನರೆ ಕೇಳಿ ಸರೀರಿ!’ ಎಂದು ಇನ್ನೊಬ್ಬ. ಸ್ವಯಂಸೇವಕ ಕೋಲು ಕುಟ್ಟಿದ. ಅಷ್ಟು ದೂರ ನಡೆದ ಕಾಲುಗಳು ಆಗ ಒಮ್ಮೆಗೇ ಸೋತವು. ಬಂಡೆಯ ಬದಿಯಲ್ಲಿ ಒಂದು ಹಾಸುಗಲ್ಲು ಕಾಣಿಸಿತು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.

‘ಸ್ವಲ್ಪ ಕುಂದ್ರೂಣು’ ಎಂದೆವು.

ಇಬ್ಬರೂ. ಒಂದೇ ಉಸಿರಿಗೆ. ಯಾವ ಮೇಷ್ಟ್ರೂ ಕಲಿಸಿರಲಿಲ್ಲ.

ಬಂಡೆಯೊಳಗಿಂದ ‘ಹೂಂ’ ಎಂದಿತು.

ಸಾಲಿನಲ್ಲಿದ್ದವರೆಲ್ಲ ಅಯ್ಯಯ್ಯೋ ಎಂದು ತಲೆ ಚಚ್ಚಿಕೊಂಡರು. ಒಂದು ಜನ್ಮದ ಹೂಂ ಹೀಗೆ ಹಾಳಾಯಿತಲ್ಲ ಎಂದು ನಮಗಿಂತ ಅವರಿಗೇ ಸಂಕಟ. ನಾವು ಹೋಗಿ ಹಾಸುಗಲ್ಲಿನ ಮೇಲೆ ಕುಳಿತೆವು. ಕುಳಿತ ಗಳಿಗೆಗೇ ಮೊಣಕಾಲು ನೋವು ಹೋಯಿತು, ಅವಳ ಸೊಂಟ ಸಡಿಲಾಯಿತು. ತಂಪಾದ ಗಾಳಿ, ಕೆಳಗೆ ನಾವು ನಡೆದು ಬಂದ ದಾರಿಯೆಲ್ಲ ಕಾಣುತ್ತಿತ್ತು.

ಇನ್ನೂ ಕುಳಿತೇ ಇದ್ದೇವೆ. ಏಳಲು ಬರುವುದಿಲ್ಲ ಎಂದಲ್ಲ, ಏಳಬೇಕು ಎನಿಸುವುದಿಲ್ಲ. ಹಸಿವಿಲ್ಲ, ನಿದ್ದೆಯ ಹಂಗಿಲ್ಲ. ನಾವು ಕುಳಿತಾಗ ಮೀಸೆ ಚಿಗುರುತ್ತಿದ್ದ ಆ ಸ್ವಯಂಸೇವಕನ ಮೀಸೆ ಈಗ ಪೂರ್ತಿ ಬೆಳ್ಳಗಾಗಿದೆ, ಅವಸರ ಮಾತ್ರ ಹಾಗೇ ಇದೆ. ಅತ್ತೆ ಸೊಸೆಯರಲ್ಲಿ ಸೊಸೆ ತಾನೂ ಅತ್ತೆಯಾಗಿ ತನ್ನ ಸೊಸೆಯನ್ನು ಕರೆದುಕೊಂಡು ಬಂದಿದ್ದಳು. ನಮಗೆ ಬಿಸಿಲು ತಾಗದಿರಲಿ ಎಂದು ಪುರಸಭೆಯವರು ತಗಡಿನ ಚಪ್ಪರ ಹಾಕಿಸಿ, ಅದರ ಮುಂದೆ ತಮ್ಮ ಹೆಸರಿನ ಕಲ್ಲು ನೆಡಿಸಿದ್ದಾರೆ. ಅದು ಬೆಳೆದು ನಮಗೆ ಅರ್ಧ ಗುಡ್ಡ ಮರೆಯಾಗಿದೆ. ಮಲಕಾಜಪ್ಪ ಮೇಷ್ಟ್ರ ಜಾಗದಲ್ಲಿ ಅವರ ಶಿಷ್ಯನೊಬ್ಬ ಜೋಡಿಗಳನ್ನು ಕರೆತಂದು, ‘ನೋಡ್ರಿ, ಬಾಯಿ ಹಿಡೀದಿದ್ರ ಹಿಂಗ ಆಗತೈತಿ’ ಎಂದು ನಮ್ಮನ್ನು ತೋರಿಸುತ್ತಾನೆ. ಹೆಂಗಸರು ಕೆಲವರು ಮಾತ್ರ ಅವನ ಪಾಠ ಬಿಟ್ಟು ಕಾಶವ್ವನ ಕೈಯನ್ನೇ ನೋಡುತ್ತ ನಿಲ್ಲುತ್ತಾರೆ.

ನಾವು ಮಾತಾಡುತ್ತೇವೆ, ಜಗಳವಾಡುತ್ತೇವೆ. ರೊಟ್ಟಿಗೆ ಬೇಕೆಂದೇ ತಣ್ಣೀರು ಹಾಕುತ್ತಿದ್ದದ್ದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ, ಅದಕ್ಕೆ ಈಗಲೂ ಬಯ್ಯುತ್ತಾಳೆ. ಯಾರು ಮೊದಲು ಎಂಬ ಮಾತು ಮಾತ್ರ ಮತ್ತೆ ಬಂದಿಲ್ಲ. ಮೊನ್ನೆ ಸಂಜೆ ಯಾತ್ರೆಯವರೆಲ್ಲ ಇಳಿದು ಹೋದ ಮೇಲೆ ಕಾಶವ್ವ ನನ್ನ ಹೆಗಲಿಗೆ ತಲೆ ಆನಿಸಿ ಕೇಳಿದಳು.

‘ಏನ್ರೀ, ಅಜ್ಜನ ಲೆಕ್ಕದಾಗ ಸ್ವಲ್ಪ ಅಂದ್ರ ಎಷ್ಟು?’

‘ಮೆಲ್ಲಕ ಮಾತಾಡ’ ಎಂದೆ. ‘ಅವಗ ನೆನಪಾದೀತು.’